ಪೊಳ್ಳೋ ಗಟ್ಟಿಯೋ

ಚಂದ್ರಾಮನನ್ನು ನಾನು ಮೊದಲ ಸಲ ಮಾತನಾಡಿಸಿದ್ದೇ ಬೈಗುಳದಿಂದ. ಹದಿನೆಂಟು ವರ್ಷದ ಹಿಂದಿನ ಮಾತು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುತ್ತಿದ್ದೆವು. ನಾಲ್ಕು ದಿನ ಪಕ್ಕದ ಮನೆಯಲ್ಲಿ ಸ್ನಾನ ಮಾಡಿ ನನಗೆ ಸಾಕುಸಾಕಾಗಿತ್ತು. ಐದನೆಯ ದಿನ ಕೆಲಸ ಮುಗಿಯಿತು ಅನ್ನುವಷ್ಟರಲ್ಲಿ ಈ ಮನುಷ್ಯ ಕರಣೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಒಂದೊಂದೇ ಟೈಲನ್ನು ಬಡಿಯುತ್ತಾ, ತಲೆ ಓರೆ ಮಾಡಿ ಕೇಳುತ್ತಾ ಬಂದ. ಬಾಗಿಲ ಹತ್ತಿರದ ಒಂದರ ಮೇಲೆ ಮೂರು ಸಲ ಬಡಿದ. ಆಮೇಲೆ ನನ್ನ ಕಣ್ಣೆದುರಿಗೇ ಅದನ್ನು ಕಿತ್ತು ಹಾಕಿದ.

“ಏನಯ್ಯಾ, ತಲೆ ಕೆಟ್ಟಿದೆಯಾ ನಿನಗೆ? ನೆಟ್ಟಗಿತ್ತಲ್ಲ ಅದು!” ಎಂದು ಕೂಗಿದೆ.

“ಪೊಳ್ಳ ಐತ್ರಿ ಅಕ್ಕೋರ,” ಅಂದ ಶಾಂತವಾಗಿ. “ಅಡೀಗೆ ಸಿಮೆಂಟ ಮಾಲ ಕುಂತಿಲ್ಲ. ಇವತ್ತ ಏನೂ ಆಗಂಗಿಲ್ಲ, ಹತ್ತ ವರ್ಷಕ್ಕ ಒಡೀತೈತಿ. ಅವಾಗ ನೀವು ಬೈತೀರಿ, ನನಗ ಕೇಳಸಂಗಿಲ್ಲ. ಅದಕ್ಕ ಈಗ ಬೈರಿ.”

ಇಂಥವನನ್ನು ಹೇಗೆ ಬೈಯುವುದು? ಚಹಾ ಮಾಡಿಕೊಟ್ಟೆ.

ಅವನ ಸೀಮೆಯಲ್ಲಿ ಶಾಲೆಯ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನಾಗ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಅವನ ಮಗಳು ಶೀತಲ್ ಆ ವರ್ಷವೇ ನನ್ನ ಒಂದನೇ ಕ್ಲಾಸಿಗೆ ಸೇರಿದ್ದಳು. ಮೈಸೂರಿನ ಕಡೆಯ ನನಗೆ ಅವಳ ಕನ್ನಡ ಅರ್ಥವಾಗುತ್ತಿರಲಿಲ್ಲ, ಅವಳಿಗೆ ನನ್ನದು ಅರ್ಥವಾಗುತ್ತಿರಲಿಲ್ಲ. ಇಬ್ಬರೂ ಹಿಂದಿಯಲ್ಲಿ ರಾಜಿಯಾಗುತ್ತಿದ್ದೆವು. ನಾನು ರಿಟೈರಾದ ಮೇಲೂ ಆ ಮನೆಯ ಒಂದು ಕಾಗದ ನನ್ನ ಕಣ್ಣಿಗೆ ಬೀಳದೆ ಎಲ್ಲೂ ಹೋಗಿದ್ದಿಲ್ಲ.

ಬಚ್ಚಲ ಕೆಲಸದ ದಿನಗಳಲ್ಲೇ ಚಂದ್ರಾಮ ನನಗೂ ಆ ವಿದ್ಯೆ ಕಲಿಸಿದ್ದ. ಗಟ್ಟಿಯಾಗಿ ಕೂತ ಟೈಲು, ಅವನ ಬಾಯಲ್ಲಿ ಲಾದಿ, ಬಡಿದರೆ ‘ಟಿಕ್’ ಎಂದು ಚೂಪಾಗಿ, ಚಿಕ್ಕದಾಗಿ ಮಾತನಾಡುತ್ತದೆ. ಅಡಿಯಲ್ಲಿ ಗಾಳಿ ಇದ್ದರೆ ‘ಡಬ್’ ಎಂದು ಮಂಕಾಗಿ ಗೊಣಗುತ್ತದೆ. ಎದುರಿಗೆ ಮನೆಯ ಯಜಮಾನರನ್ನು ನಿಲ್ಲಿಸಿಕೊಂಡು ಒಂದೊಂದನ್ನೂ ಬಡಿದು ಕೇಳಿಸಿ ಒಪ್ಪಿಸುವುದು ಅವನ ಪದ್ಧತಿ. ಕಂಟ್ರಾಕ್ಟರು ಬೈಯಲಿ, ಗಡಿಬಿಡಿ ಇರಲಿ, ಬಡಿಯದೆ ಅವನು ಯಾವ ನೆಲವನ್ನೂ ಬಿಟ್ಟುಕೊಟ್ಟವನಲ್ಲ.

ಮುದ್ದೇಬಿಹಾಳದ ಕಡೆಯ ಹಳ್ಳಿಯಿಂದ ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದು, ಮೊದಲು ತಲೆಯ ಮೇಲೆ ಇಟ್ಟಿಗೆ ಹೊತ್ತು, ಆಮೇಲೆ ಟೈಲ್ಸ್ ಮಿಸ್ತ್ರಿಯಾದವನು. ಮದುವೆಯಾದ ಮೇಲೆ ಹೆಂಡತಿ ಹಾಲವ್ವ ಅವನ ಕೈಕೆಳಗೇ ಕೆಲಸ ಮಾಡಿದಳು. ಮರಳು ಜರಡಿ ಹಿಡಿದು, ಸಿಮೆಂಟು ಕಲಸಿ, ಬುಟ್ಟಿಯಲ್ಲಿ ತಂದು ಪಕ್ಕದಲ್ಲಿಡುವುದು ಅವಳ ಪಾಲು. ಇಪ್ಪತ್ತೈದು ವರ್ಷದಲ್ಲಿ ಕರಣೆಯನ್ನು ಮಾತ್ರ ಒಂದು ದಿನವೂ ಅವಳ ಕೈಗೆ ಕೊಟ್ಟವನಲ್ಲ. ಅವಳೂ ಕೇಳಲಿಲ್ಲ.

ಇಂಥವನ ಸ್ವಂತ ಮನೆ ನೋಡಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ. ಗುಡ್ಡದ ಅಡಿಯ ಗಲ್ಲಿಯಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖೋಲಿ. ನೆಲಕ್ಕೆ ಯಾರೋ ಎಂದೋ ಹಾಸಿದ ಶಹಾಬಾದಿ ಕಲ್ಲು, ಅದೂ ಬಿರುಕು ಬಿಟ್ಟದ್ದು. ಮಳೆಗಾಲ ಬಂತೆಂದರೆ ಆ ಬಿರುಕುಗಳಿಂದ ನೀರು ಜಿನುಗುತ್ತಿತ್ತು, ಗೋಣಿಚೀಲ ಹಾಸಿ ಓಡಾಡುತ್ತಿದ್ದರು. ಮಂಚದ ಅಡಿಯಲ್ಲಿ ಮಾತ್ರ ಚೀಲಗಟ್ಟಲೆ ಟೈಲ್ಸ್ ಇದ್ದವು. ಕೆಲಸ ಮಾಡಿದ ಕಡೆಯೆಲ್ಲ ಮಿಕ್ಕಿದ್ದನ್ನು ಕೇಳಿ ಪಡೆದು ತಂದು ಪೇರಿಸಿದ್ದ. “ಒಂದಿನ ಹಾಕ್ತೀನಿ” ಎಂದು ಹೇಳುತ್ತಲೇ ಮಗಳು ಡಿಗ್ರಿ ಮುಗಿಸಿ ಸಾಯನ್‌ನ ಒಂದು ಲ್ಯಾಬಿನ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದಳು.

ಹೋದ ನವೆಂಬರಿನಲ್ಲಿ ಕೆಮ್ಮು ಶುರುವಾಯಿತು. ಡಿಸೆಂಬರಿನ ಕೊನೆಗೆ ನಾವೆಲ್ಲ ಪರೇಲಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತಿದ್ದೆವು. ಶ್ವಾಸಕೋಶದ ಕ್ಯಾನ್ಸರು. ಬೀಡಿ ಸೇದುತ್ತೀಯಾ ಎಂದು ಡಾಕ್ಟರು ಕೇಳಿದರು. ಇಲ್ಲ. ಕೆಲಸ ಏನು? ಟೈಲ್ಸ್ ಕೊಯ್ಯುವ ಮೆಷಿನ್ನು, ಅದರ ಧೂಳು, ಎಷ್ಟು ವರ್ಷ? ಮೂವತ್ತು. ಡಾಕ್ಟರು ಬರೆದುಕೊಂಡರು. ಅದರಿಂದಲೇ ಆಯಿತು ಅನ್ನಲಿಲ್ಲ, ಅದರಿಂದ ಅಲ್ಲ ಅಂತಲೂ ಅನ್ನಲಿಲ್ಲ. ಜನವರಿಯಿಂದ ಮೂರು ವಾರಕ್ಕೊಮ್ಮೆ ಕೀಮೋ. ಸೋಂಕು ತಗಲಬಾರದು, ಧೂಳು ಬೇಡ, ಜ್ವರ ಬಂದರೆ ತಕ್ಷಣ ಬರಬೇಕು, ಮನೆ ಕ್ಲೀನಾಗಿರಲಿ, ಒಣಗಿರಲಿ ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಹಾಲವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಚಂದ್ರಾಮ ಕಿಟಕಿಯಿಂದ ಆಚೆ ನೋಡುತ್ತಿದ್ದವನು ತಿರುಗಿ, “ಅಕ್ಕೋರ, ಮಳಿಗಾಲದಾಗ ನಮ್ಮ ನೆಲ ಒಣಗಿದ್ದು ಹ್ಯಾಂಗ ಇರತೈತ್ರಿ?” ಅಂದ.

ಅಂದೇ ನಿಶ್ಚಯವಾಯಿತು. ಜೂನಿನ ಮಳೆಗೆ ಮುಂಚೆ ನೆಲ ಮುಗಿಯಬೇಕು, ಅವನೇ ಹಾಕಬೇಕು. ಅವನ ಜೊತೆ ಕೆಲಸ ಮಾಡುತ್ತಿದ್ದ ಯಲ್ಲಾಲಿಂಗ, ಅವನೂ ಮಿಸ್ತ್ರಿಯೇ, ಓಡಿ ಬಂದ. “ಕಾಕಾ, ಎರಡ ದಿನದ ಕೆಲಸ. ನೀ ಕುರ್ಚಿ ಮ್ಯಾಲ ಕುಂದ್ರು, ನಾ ಹಾಕ್ತೀನಿ,” ಅಂದ.

“ಮಂದಿ ಮನಿಗೆಲ್ಲ ನಾ ಹಾಕೀನಿ. ನನ್ನ ಮನಿಗೆ ಮಂದಿ ಹಾಕಬೇಕೇನೋ?” ಎಂದು ಚಂದ್ರಾಮ ಅವನನ್ನು ಕಳಿಸಿಬಿಟ್ಟ.

ನಾನು ಬೈದೆ. ಬೈದು ಸಾಕಾಗಿ ಕರಾರು ಹಾಕಿದೆ. ಮೆಷಿನ್ನು ಮುಟ್ಟಕೂಡದು. ಕೊಯ್ಯದೆ ಎಲ್ಲಿ ಯಾವ ತುಂಡು ಹೊಂದುತ್ತದೋ ಅಲ್ಲಿ ಅದನ್ನು ಕೂರಿಸಬೇಕು. ಹಳೇ ಕಲ್ಲನ್ನು ಯಲ್ಲಾಲಿಂಗ ಎಬ್ಬಿಸಬೇಕು, ಸಿಮೆಂಟನ್ನು ಹಾಲವ್ವ ಗಲ್ಲಿಯಲ್ಲಿ ಕಲಸಿ ಹಸಿಯಾಗಿ ಒಳಗೆ ತರಬೇಕು, ಅವನು ಮೂಗುಬಾಯಿಗೆ ಮಾಸ್ಕು ಕಟ್ಟಿರಬೇಕು. ಎಲ್ಲಕ್ಕೂ “ಹೂನ್ರಿ” ಅಂದ. ಮಕ್ಕಳು ಪರೀಕ್ಷೆಯ ಹಿಂದಿನ ದಿನ ಎಲ್ಲದಕ್ಕೂ ಹೂಂ ಅನ್ನುತ್ತವಲ್ಲ, ಹಾಗೆ.

ಮದ್ದು ಏರಿಸಿದ ಮೊದಲ ವಾರ ಅವನು ಮನುಷ್ಯನೇ ಅಲ್ಲ. ಬಾಯಲ್ಲಿ ಕಬ್ಬಿಣದ ರುಚಿ. ಪಕ್ಕದ ಮನೆಯ ಒಗ್ಗರಣೆಯ ವಾಸನೆಗೂ ವಾಂತಿ. ಎರಡನೇ ವಾರ ಬಾಯಿಯೆಲ್ಲ ಹುಣ್ಣು. ಜನ್ಮಪೂರ್ತಿ ಜೋಳದ ರೊಟ್ಟಿ ತಿಂದವನು ಅನ್ನದ ಗಂಜಿಯನ್ನು ಚಮಚೆಯಲ್ಲಿ ಕುಡಿಯುತ್ತಿದ್ದ. ಮೂರನೇ ವಾರ ಸ್ವಲ್ಪ ಎದ್ದು ಕೂರುತ್ತಿದ್ದ. ಆ ಆರೇಳು ದಿನವೇ ಅವನ ಕೆಲಸದ ದಿನ. ದಿನಕ್ಕೆ ನಾಲ್ಕು ಟೈಲು, ಬಹಳವಾದರೆ ಐದು. ಹಾಕಿದ ಮೇಲೆ ಇಪ್ಪತ್ತನಾಲ್ಕು ತಾಸು ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಮಂಚ, ಟ್ರಂಕು, ಗ್ಯಾಸಿನ ಒಲೆ ಎಲ್ಲ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ವಲಸೆ ಹೋಗುತ್ತಿದ್ದವು. ಶೀತಲ್ ಬೆಳಿಗ್ಗೆ ಕೈಯಲ್ಲಿ ಚಪ್ಪಲಿ ಹಿಡಿದು ಕುಂಟಾಬಿಲ್ಲೆ ಆಡುವವರ ಹಾಗೆ ಜಿಗಿಯುತ್ತಾ ಕೆಲಸಕ್ಕೆ ಹೋಗುತ್ತಿದ್ದಳು.

ತಲೆಗೂದಲು ಮೊದಲನೇ ಸುತ್ತಿಗೇ ಹೋಯಿತು. ಆಮೇಲೆ ಮೀಸೆ, ಹುಬ್ಬು. ಹಸಿ ಸಿಮೆಂಟಿನ ಮೇಲೆ ಹುಬ್ಬಿನ ಕೂದಲು ಉದುರಿದರೆ ಕೆಲಸ ನಿಲ್ಲಿಸಿ, ಒಂದೊಂದನ್ನೂ ಹೆಕ್ಕಿ ತೆಗೆದು, ಆಮೇಲೆ ಟೈಲು ಇಡುತ್ತಿದ್ದ. ನೋಡುತ್ತಾ ಕೂತಿರುವುದು ನನ್ನಿಂದ ಆಗುತ್ತಿರಲಿಲ್ಲ, ಏನೋ ನೆಪ ಹೇಳಿ ಎದ್ದು ಬರುತ್ತಿದ್ದೆ.

ಫೆಬ್ರವರಿಯ ಕೊನೆಗೆ ಹಿಂದಿನ ಗೋಡೆಯ ಕಡೆಯ ಮೂರು ಸಾಲು ಮುಗಿದಿತ್ತು. ಒಂದು ಬಿಳಿ, ಒಂದು ಕೆನೆಬಣ್ಣ, ಒಂದು ಹೂವಿನದು, ಒಂದು ಅಮೃತಶಿಲೆಯಂತೆ ಹೊಳೆಯುವುದು. ಚೆಂದ ಅನ್ನಲಾರೆ, ಆದರೆ ನೀರು ಚೆಲ್ಲಿದರೆ ಎಲ್ಲೂ ನಿಲ್ಲದೆ ಮೋರಿಯ ಕಡೆಗೆ ಹರಿಯುತ್ತಿತ್ತು.

ಮೂರನೇ ಕೀಮೋ ಆದ ಮೇಲೆ ಕೆಲಸ ಕೆಟ್ಟಿತು. ಹಿಂದಿನ ದಿನ ಹಾಕಿದ ನಾಲ್ಕು ಟೈಲನ್ನು ಬಡಿದು ನೋಡಿದ ಚಂದ್ರಾಮ ನಾಲ್ಕೂ ಪೊಳ್ಳು ಎಂದು ಕಿತ್ತ. ಮತ್ತೆ ಹಾಕಿದ. ಮರುದಿನ ಬಡಿದ, ಮತ್ತೆ ಕಿತ್ತ. ಕೀಳುವಾಗ ಎರಡು ಒಡೆದವು. ಹೀಗೆ ನಾಲ್ಕು ದಿನ. ಐದನೆಯ ದಿನ ಫೆಬ್ರವರಿಯಲ್ಲಿ ತಾನೇ ಒಪ್ಪಿದ್ದ ಸಾಲುಗಳ ಮೇಲೂ ಕರಣೆಯ ಹಿಡಿ ಬಿತ್ತು. ಅವೂ ಪೊಳ್ಳಂತೆ. ಅವನ್ನೂ ಎಬ್ಬಿಸಿದ. ಮಾರ್ಚಿನ ಕೊನೆಗೆ ಆ ಮನೆಯಲ್ಲಿ ಇದ್ದ ನೆಲ ಫೆಬ್ರವರಿಯಲ್ಲಿ ಇದ್ದದ್ದಕ್ಕಿಂತ ಕಡಿಮೆ.

ಹಾಲವ್ವ ನಮ್ಮ ಮನೆಗೆ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು.

“ಗಟ್ಟಿ ಅದಾವ್ರಿ ಅಕ್ಕೋರ. ನನಗ ಕೇಳಸ್ತೈತಿ. ಇಪ್ಪತ್ತೈದ ವರ್ಷ ಬಾಜೂಕ ಕುಂತು ಕೇಳೀನ್ರಿ ನಾ. ಅಂದ್ರ ನಂಬಂಗಿಲ್ಲ. ‘ನಿನಗೇನ ತಿಳೀತೈತಿ, ಬುಟ್ಟಿ ಹೊರಾಕಿ’ ಅಂತಾರ.”

ಶೀತಲ್ ಫೋನಿನಲ್ಲಿ, “ಟೀಚರ್, ಪಪ್ಪಾ ಮಾನ್ತೇ ಹೀ ನಹೀ. ಹಾತ್ ಸುನ್ನ ಆಗ್ಯಾವ, ಶರ್ಟ್ ಕಾ ಬಟನ್ ಭೀ ಮಮ್ಮಿ ಹಾಕ್ತಾಳ. ಅದಕ್ಕ ಅವ್ರಿಗಿ ಲಗ್ತಾ ಹೈ, ಕೈ ಖರಾಬ್ ಆತು ಅಂತ,” ಅಂದಳು.

ಬೆರಳು ಜೋಮು ಹಿಡಿದದ್ದು ನಿಜ. ಮದ್ದಿನಿಂದ ಹಾಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಕೈ ಕೆಟ್ಟಿದೆ ಎಂದು ಅವನು ನಂಬಿದ್ದರಲ್ಲಿ ತಪ್ಪಿರಲಿಲ್ಲ, ನಾನೂ ಅದನ್ನೇ ನಂಬಿದೆ. ಒಳಗೊಳಗೇ, ಮದ್ದು ತಲೆಗೂ ಏರಿರಬೇಕು ಎಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಏಪ್ರಿಲಿನ ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ರಕ್ತದ ರಿಪೋರ್ಟು ಓದಿಸಿಕೊಳ್ಳಲು ನಮ್ಮ ಮನೆಗೆ ಬಂದರು. ಮೂರು ಮಾಳಿಗೆ ಹತ್ತಲು ಚಂದ್ರಾಮನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿಂದ ಟಿಕ್ ಟಿಕ್ ಸದ್ದು. ಲೋಟದ ತಳದಿಂದ ಬಡಿಯುತ್ತಿದ್ದಾನೆ. ಬಾಗಿಲು ತೆಗೆದು ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮೊದಲೇ ಇದ್ದದ್ದು ಅಷ್ಟರಲ್ಲೇ.

“ಅಕ್ಕೋರ, ನಿಮಗ ನಾ ಮೋಸ ಮಾಡೀನ್ರಿ,” ಅಂದ. “ನಿಮ್ಮ ಬಚ್ಚಲದಾಗ ಎಲ್ಲಾ ಪೊಳ್ಳ ಅದಾವ. ಒಂದೂ ಗಟ್ಟಿ ಇಲ್ಲ. ಹಂಗಾದ್ರ ಮಂದಿ ಮನ್ಯಾಗ ಏನೇನ ಹಾಕೀನೋ. ಮೂವತ್ತ ವರ್ಷದ್ದೂ ಪೊಳ್ಳ ಆಗಿರಬೇಕ್ರಿ.”

ಗೋಡೆಗೆ ಒರಗಿ ಕುಸಿದು ಕೂತ. ನಾನು ಲೋಟ ಕಿತ್ತುಕೊಂಡು ಬಚ್ಚಲಿಗೆ ನುಗ್ಗಿ ಬಡಿದೆ. ಟಿಕ್. ಇನ್ನೊಂದು. ಟಿಕ್. ಹದಿನೆಂಟು ವರ್ಷವಾದರೂ ಒಂದೊಂದೂ ಸ್ವಚ್ಛವಾಗಿ ಉತ್ತರ ಹೇಳುತ್ತಿದೆ. ಲೋಟ ಹಿಡಿದು ಅಲ್ಲೇ ನಿಂತಿದ್ದಾಗ ನಮ್ಮ ಯಜಮಾನರ ಕುಕ್ಕರು ನೆನಪಾಯಿತು.

ನಮ್ಮ ಯಜಮಾನರು ಕೇಶವಮೂರ್ತಿಗಳು ನಾಲ್ಕು ವರ್ಷದ ಹಿಂದೆ, ಕುಕ್ಕರು ಸರಿಯಾಗಿ ಸೀಟಿ ಹಾಕುತ್ತಿಲ್ಲ ಎಂದು ಹೊಸ ಕುಕ್ಕರು ತಂದಿದ್ದರು. ಅದೂ ಸೀಟಿ ಹಾಕುತ್ತಿಲ್ಲ ಎಂದು ಅಂಗಡಿಯವನ ಜೊತೆ ಜಗಳ ಕಾದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ನೋಡಿದರೆ ಅವರ ಕಿವಿಯೇ ಹೋಗಿತ್ತು. ಮಾತು ಕೇಳುತ್ತಿತ್ತು, ಚೂಪಾದ ಸದ್ದುಗಳು ಮಾತ್ರ ಕೇಳುತ್ತಿರಲಿಲ್ಲ. ಈಗ ಕಿವಿಗೆ ಮೆಷಿನ್ನು. ಅದನ್ನು ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕುಯ್ಯೆಂದು ಕೀರಲು ಸದ್ದು ಮಾಡುತ್ತದೆ, ಇಡೀ ಮನೆಗೆ ಕೇಳುತ್ತದೆ, ಅವರಿಗೊಬ್ಬರಿಗೆ ಬಿಟ್ಟು.

ಯಜಮಾನರ ಕಿವಿಯಿಂದ ಅದನ್ನು ಕಿತ್ತು ತಂದು ಅಂಗೈಯಲ್ಲಿ ಮುಚ್ಚಿ ಚಂದ್ರಾಮನ ಕಿವಿಯ ಪಕ್ಕ ಹಿಡಿದೆ. ಎದುರಿಗೆ ಕೂತ ಹಾಲವ್ವ ಮುಖ ಕಿವುಚಿ ಕಿವಿ ಮುಚ್ಚಿಕೊಂಡಳು. ಚಂದ್ರಾಮ ನನ್ನನ್ನೇ ನೋಡುತ್ತಿದ್ದ.

“ಕೇಳ್ತಾ?”

“ಏನ್ರಿ?”

“ಏನೂ ಕೇಳ್ತಿಲ್ವಾ?”

“ಕಿವ್ಯಾಗ ಗುಂಯ್ ಅಂತ ಮೊದಲಿಂದ ಐತ್ರಿ, ಮೂರನೇ ಬಾಟ್ಲಿ ಏರಿಸಿದಾಗಿಂದ. ಮತ್ತೇನಿಲ್ಲ.”

ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ. “ನಿನ್ನ ಕೈ ಹೋಗಿಲ್ಲ ಕಣಯ್ಯಾ, ಕಿವಿ ಹೋಗಿದೆ! ಟೈಲುಗಳೆಲ್ಲ ಗಟ್ಟಿಯಾಗೇ ಇದಾವೆ. ಆ ಟಿಕ್ ನಿನಗೆ ಕೇಳಿಸ್ತಿಲ್ಲ ಅಷ್ಟೆ,” ಅಂದುಬಿಟ್ಟೆ.

ನೆಲವನ್ನು ಡೊಂಕು ಅನ್ನದೆ ತನ್ನ ಕೈಯನ್ನೇ ಡೊಂಕು ಅಂದುಕೊಂಡ ಮನುಷ್ಯ ಅವನು.

“ಹಂಗಾದ್ರ ನಾ ಕಿತ್ತ ಲಾದಿ ಎಲ್ಲಾ ಗಟ್ಟಿ ಇದ್ದವೇನ್ರಿ?”

“ಇದ್ದವು.”

“ಈಕಿ ಹೇಳ್ತಿದ್ಲು,” ಅಂದ. ಹೆಂಡತಿಯ ಕಡೆ ನೋಡಲಿಲ್ಲ. ಒಡೆದ ಟೈಲುಗಳನ್ನು ನೆನೆಸಿಕೊಂಡನೋ, ಹೋದ ಒಂದು ತಿಂಗಳನ್ನೋ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಕ್ಯಾನ್ಸರ್ ಎಂದು ಹೇಳಿದ ದಿನವೂ ಅವನು ಅತ್ತಿರಲಿಲ್ಲ. ಹಾಲವ್ವ ಎದ್ದು ಹೋಗಿ ಅವನ ಬೆನ್ನ ಹಿಂದೆ ಕೂತಳು.

ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿದರು. ಈ ಮದ್ದಿಗೆ ಕೆಲವರಿಗೆ ಹೀಗಾಗುತ್ತದೆ, ಗುಂಯ್ ಅನ್ನುವುದನ್ನು ಮೊದಲೇ ಹೇಳಬೇಕಿತ್ತು ಅಂದರು. ಮದ್ದು ಬದಲಾಯಿಸಿದರು. ಹೋದ ಕಿವಿ ಬರುವ ಭರವಸೆ ಇಲ್ಲವಂತೆ. ಆ ದಿನವೇ ಸ್ಕ್ಯಾನಿನ ಫಲವೂ ಬಂತು. ಗಡ್ಡೆ ಕುಗ್ಗಬೇಕಾದಷ್ಟು ಕುಗ್ಗಿಲ್ಲ, ಪಕ್ಕದಲ್ಲಿ ಇನ್ನೊಂದು ಕಾಣುತ್ತಿದೆ, ಇನ್ನೆರಡು ಸಲ ಕೊಟ್ಟು ನೋಡೋಣ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಚಂದ್ರಾಮ ನನ್ನ ಮುಖ ನೋಡಿದ. ಕನ್ನಡದಲ್ಲಿ ಹೇಳುವಾಗ ನಾನು ‘ಕೊಟ್ಟು ನೋಡೋಣ’ ಅನ್ನುವುದನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗಿಕೊಂಡೆ.

ಅವನು ಕಿವಿಯ ಬಗ್ಗೆ ಒಂದೇ ಮಾತು ಆಡಿದ. “ಇನ್ನ ಈಕಿ ಕೇಳ್ತಾಳ್ರಿ.”

ನೆಲದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಅವನು ಹಾಕುವುದು, ಮರುದಿನ ಹಾಲವ್ವ ಬಡಿದು ತೀರ್ಪು ಹೇಳುವುದು. ಮೊದಲ ದಿನದ ನಾಲ್ಕನ್ನೂ ಅವಳು ಗಟ್ಟಿ ಅಂದಳು. ಅವನ ಮುಖದಲ್ಲಿ ಸಂಶಯ. “ನನ್ನ ಮನಸ ನೋಯ್ತೈತಿ ಅಂತ ಹೇಳಾಕತ್ತಿಯೇನು?” ಎಂದು ಕೇಳಿದನಂತೆ. ಎರಡನೇ ದಿನ ಅವಳು ಒಂದರ ಮೇಲೆ ಮೂರು ಸಲ ಬಡಿದು “ಪೊಳ್ಳ ಐತ್ರಿ” ಅಂದಳು. ಕಿತ್ತು ನೋಡಿದರೆ ಒಂದು ಮೂಲೆಗೆ ಸಿಮೆಂಟು ತಾಗಿರಲೇ ಇಲ್ಲ. ಆ ಸಂಜೆ ನಾನು ಹೋದಾಗ ಚಂದ್ರಾಮ ಆ ಟೈಲನ್ನು ಮಗುಚಿ ಹಿಡಿದು, ಪದಕ ತೋರಿಸುವವನಂತೆ ನನಗೆ ತೋರಿಸಿದ. “ನೋಡ್ರಿ ಅಕ್ಕೋರ, ಈಕಿಗಿ ಕೇಳಸ್ತೈತಿ!” ಆ ಐದು ತಿಂಗಳಲ್ಲಿ ಅವನು ನಕ್ಕದ್ದು ನಾನು ನೋಡಿದ್ದು ಅದೊಂದೇ ಸಲ.

ಮೇ ತಿಂಗಳ ಸೆಕೆಯಲ್ಲಿ ಅವನು ಕರಗುತ್ತಾ ಹೋದ. ಐದು ಟೈಲು ಎರಡಾಯಿತು, ಎರಡು ಒಂದಾಯಿತು. ಮೂರನೇ ವಾರವೂ ಈಗ ಒಳ್ಳೆಯ ವಾರವಾಗಿ ಉಳಿದಿರಲಿಲ್ಲ. ಯಲ್ಲಾಲಿಂಗ ಸಂಜೆ ಸಂಜೆ ಬಂದು ಮರಳು ಜರಡಿ ಹಿಡಿದುಕೊಟ್ಟು, ಒಳಗೆ ಕೈ ಹಾಕುವ ಅಪ್ಪಣೆ ಇಲ್ಲದೆ ಹೊರಗೇ ಕೂತಿರುತ್ತಿದ್ದ. ಮಳೆ ಕೇರಳಕ್ಕೆ ಬಂತು ಎಂದು ಟೀವಿಯಲ್ಲಿ ಹೇಳಿದ ದಿನ ಉಳಿದದ್ದು ಹೊಸ್ತಿಲ ಒಳಗಿನ ಒಂದೇ ಒಂದು ಟೈಲು. ಶೀತಲ್ ಬೆನ್ನು ಹಿಡಿದುಕೊಂಡಳು, ಅವನು ಕೂತು ಅದನ್ನು ಹಾಕಿದ.

ಮರುದಿನ ಬೆಳಿಗ್ಗೆ ಒಪ್ಪಿಸುವ ಶಾಸ್ತ್ರಕ್ಕೆ ನನ್ನನ್ನು ಕರೆಸಿದ್ದ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಹಾಲವ್ವ ಕುಕ್ಕರಗಾಲಲ್ಲಿ ಕೂತು ಕರಣೆಯ ಹಿಡಿಯಿಂದ ಬಡಿದಳು. ಡಬ್. ಇನ್ನೊಮ್ಮೆ ಬಡಿದಳು. ನನಗೂ ಕೇಳಿಸಿತು. ಅವನ ಕೈ ಹಿಂದಿನ ದಿನ ಎಷ್ಟು ನಡುಗುತ್ತಿತ್ತು ಎಂದು ಎಲ್ಲರೂ ನೋಡಿದ್ದೆವು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ತಡೆಯಲಾಗಲಿಲ್ಲ.

“ಗಟ್ಟಿಯಾಗಿದೆ ಬಿಡಯ್ಯಾ ಚಂದ್ರಾಮ. ಮುಗೀತು ನಿನ್ನ ನೆಲ,” ಅಂದೆ ಗಟ್ಟಿಯಾಗಿ.

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. “ಅಕ್ಕೋರ, ನೀವ ಸುಮ್ಮನಿರ್ರಿ,” ಅಂದ. “ದವಾಖಾನ್ಯಾಗೂ ನೀವ ಹಿಂಗ ಹೇಳಿದ್ರಿ. ಆಕಿ ಹೇಳ್ಲಿ.”

ನಾನು ಕೂತ ಸ್ಟೂಲಿನ ಮೇಲೇ ಕುಗ್ಗಿದೆ. ಆಸ್ಪತ್ರೆಯ ದಿನದಿಂದ ಅವನಿಗೆ ಎಲ್ಲವೂ ಗೊತ್ತಿತ್ತು.

ಹಾಲವ್ವ ಗಂಡನ ಮುಖವನ್ನು ನೇರವಾಗಿ ನೋಡಿ, “ಪೊಳ್ಳ ಐತ್ರಿ,” ಅಂದಳು.

“ತೆಗಿ,” ಅಂದ.

ತೆಗೆದಳು. ಹೊಸದಾಗಿ ಸಿಮೆಂಟು ಕಲಸಿ ತಂದಳು. ಅವನು ಮಂಚದಿಂದ ಇಳಿಯಲು ನೋಡಿದ, ಕಾಲು ಬರಲಿಲ್ಲ. ಅವತ್ತು ರಜೆ ಹಾಕಿ ಬಂದಿದ್ದ ಯಲ್ಲಾಲಿಂಗ ಬಾಗಿಲಲ್ಲಿ ಎದ್ದು ನಿಂತ. ಚಂದ್ರಾಮ ಕೈಯೆತ್ತಿ ಅವನನ್ನು ತಡೆದ.

“ಕರಣಿ ನಿನ್ನ ಕೈಯಾಗ ಐತೆಲ್ಲ. ನೀ ಹಾಕು,” ಅಂದ ಹೆಂಡತಿಗೆ.

ಅವಳು ಕರಣೆಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನು ಅಲ್ಲಿಂದಲೇ “ನಡುವ ಇನ್ನೊಂದ ಸ್ವಲ್ಪ... ಹಾಂ... ಮೂಲಿ ಒತ್ತು, ಬಡೀಬ್ಯಾಡ, ಒತ್ತು” ಎಂದು ಹೇಳುತ್ತಿದ್ದ. ಬೇಕಿರಲಿಲ್ಲ. ಅವಳ ಕೈ ಹೇಳುವ ಮುಂಚೆಯೇ ಹೋಗುತ್ತಿತ್ತು. ಮುಗಿದ ಮೇಲೆ ಅವನು ಕಣ್ಣು ಮುಚ್ಚಿ, “ಇಪ್ಪತ್ತನಾಕ ತಾಸ ಯಾರೂ ಕಾಲ ಇಡಬ್ಯಾಡ್ರಿ. ನಾಳೆ ನೋಡೂಣು,” ಅಂದ.

ಅಂದು ಸಂಜೆ ಐದಕ್ಕೆ ಚಳಿ ಹಿಡಿಯಿತು, ಆರಕ್ಕೆ ಜ್ವರ ನೂರ ಮೂರು. ಟ್ಯಾಕ್ಸಿ ಗಲ್ಲಿಯ ಬಾಯಿಗೆ ಬಂತು. ಯಲ್ಲಾಲಿಂಗನೂ ಪಕ್ಕದ ಮನೆಯ ಮನೀಶನೂ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ಪ್ರಜ್ಞೆ ಇಲ್ಲ ಎಂದೇ ನಾನು ತಿಳಿದಿದ್ದೆ. ಹೊಸ್ತಿಲ ಹತ್ತಿರ ಬಂದಾಗ ಕಣ್ಣು ತೆಗೆಯದೆ “ಲಾದಿ” ಅಂದ. ಇಬ್ಬರೂ ನಿಂತರು. ಆ ಒಂದು ಟೈಲನ್ನು ದಾಟಲು ಕಾಲು ಅಗಲಿಸಿ, ಕುರ್ಚಿ ಓಲಾಡಿ, ಅವನು ಬೀಳುವುದರಲ್ಲಿದ್ದ. ನನಗೆ ಸಿಟ್ಟು ನೆತ್ತಿಗೇರಿತು.

“ಸಾಯೋ ಹೊತ್ತಲ್ಲಿ ನಿನಗೆ ಲಾದಿಯೇನಯ್ಯಾ!” ಎಂದು ಕೂಗಿದೆ.

ಬಾಯಿಂದ ಜಾರಿಹೋದ ಮಾತು. ಶೀತಲ್ ತಿರುಗಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ಅವನಿಗೆ ಕೇಳಿಸಿರಲಾರದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನ್ನ ದನಿ ದಪ್ಪ. ಚೂಪು ಸದ್ದುಗಳಷ್ಟೇ ಅವನಿಗೆ ಕೇಳುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಗಿನ ಜಾವ ಚಂದ್ರಾಮ ಹೋದ. ರಕ್ತಕ್ಕೆ ಸೋಂಕು ಇಳಿದಿತ್ತಂತೆ. ಹಾಲವ್ವ, ಶೀತಲ್ ಇಬ್ಬರೂ ಆ ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದರು. ಮನೆಗೆ ಬೀಗ ಹಾಕಿತ್ತು.

ಮಧ್ಯಾಹ್ನ ಹೆಣ ತಂದರು. ಮೋಡ ಕವಿದಿತ್ತು, ಮಳೆ ಇನ್ನೂ ಬಿದ್ದಿರಲಿಲ್ಲ. ಗಲ್ಲಿಯ ತುಂಬ ಜನ. ಒಳಗೆ ಜಾಗ ಸಾಲದು, ಇಲ್ಲೇ ಗಲ್ಲಿಯಲ್ಲಿ ಮಲಗಿಸೋಣ, ಎಲ್ಲರೂ ನೋಡಲಿ ಎಂದು ಹಿರಿಯರೊಬ್ಬರು ಅಂದರು. “ಒಳಗ,” ಅಂದಳು ಹಾಲವ್ವ. ಅವಳ ದನಿಗೆ ಯಾರೂ ಎದುರಾಡಲಿಲ್ಲ.

ಬೀಗ ತೆಗೆದಳು. ಯಲ್ಲಾಲಿಂಗ ಮತ್ತು ಮೂವರು ಹೆಣ ಹೊತ್ತು ಹೊಸ್ತಿಲಿಗೆ ಬಂದಾಗ ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಯಾಕೆಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ಶೀತಲ್‌ಗೂ ತಿಳಿಯಿತು. ಅಳುತ್ತಿದ್ದ ಹೆಂಗಸರಿಗೆ ಶೀತಲ್ ಸನ್ನೆ ಮಾಡಿ ಸುಮ್ಮನಿರಿಸಿದಳು.

ಕರಣೆ ಅಂದು ಬಿಟ್ಟಲ್ಲೇ, ಬಾಗಿಲ ಪಕ್ಕದ ಗೋಡೆಗೆ ಒರಗಿತ್ತು. ಹಾಲವ್ವ ಕೈ ಚಾಚಿ ಅದನ್ನು ತೆಗೆದುಕೊಂಡಳು. ಹೊಸ್ತಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಕರಣೆಯನ್ನು ತಿರುಗಿಸಿ ಹಿಡಿದು, ತಾನು ಹಾಕಿದ ಟೈಲಿನ ನಾಲ್ಕೂ ಮೂಲೆಗೆ ಬಡಿದಳು, ಆಮೇಲೆ ನಡುವೆ. ಬಡಿದಾಗಲೆಲ್ಲ ಅವನ ಹಾಗೆಯೇ ತಲೆ ಓರೆ ಮಾಡಿ ಕೇಳಿದಳು. ಹೆಗಲ ಮೇಲೆ ಭಾರ ಹೊತ್ತ ನಾಲ್ವರೂ ಅಲುಗದೆ ನಿಂತಿದ್ದರು.

ಅವಳು ಎದ್ದಳು. ಗಂಡನ ಕಿವಿಯ ಹತ್ತಿರ ಬಾಗಿ, ಕೇಳದವರಿಗೆ ಹೇಳುವಾಗ ಹೇಳುವಂತೆ ದೊಡ್ಡ ದನಿಯಲ್ಲಿ, “ಗಟ್ಟಿ ಐತ್ರಿ,” ಅಂದಳು.

ಆಮೇಲೆ ಹೊತ್ತವರಿಗೆ ದಾರಿ ಬಿಟ್ಟಳು.

“ಒಳಗ ತರ್ರಿ. ಕಾಲ ಇಡ್ರಿ, ಏನೂ ಆಗಂಗಿಲ್ಲ.”